ಗುತ್ತಿನ ಮನೆ, ದೈವಸ್ಥಾನ ಮತ್ತು ವಿದ್ಯುತ್ ನಿಯಮ: ಸಡಿಲಿಕೆಯ ಪ್ರಶ್ನೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಜನಪದ ಸಂಸ್ಕೃತಿಯ ಅಧ್ಯಯನದಲ್ಲಿ ಗುತ್ತಿನ ಮನೆ ಹಾಗೂ ದೈವಸ್ಥಾನಗಳಿಗೆ ಕೇಂದ್ರಸ್ಥಾನವಿದೆ. ಪಾಡ್ದನ, ನೇಮ, ಮೊಗ, ಕಡ್ಸಲೆ, ಅಣಿಗಳ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಇವೆಲ್ಲವನ್ನೂ ಪೊರೆದುಕೊಂಡು ಬಂದ ಕಟ್ಟಡಗಳಲ್ಲಿನ ವಿದ್ಯುತ್ ಸುರಕ್ಷತೆಯ ವಿಚಾರ ಅಧ್ಯಯನದ ಅಂಚಿನಲ್ಲೇ ಉಳಿದಿದೆ. ಇಂತಹ ಕಟ್ಟಡಗಳಲ್ಲಿ ಉಪಕರಣಗಳನ್ನು ನವೀಕರಿಸುವಾಗ ನಿಯಮಗಳಿಂದ ಸಡಿಲಿಕೆ ಕೋರುವುದು ಯಾವಾಗ ಯುಕ್ತ, ಯಾವಾಗ ಅಯುಕ್ತ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುರಕಲ್ಲಿನ ಗೋಡೆ, ಹಲಸಿನ ಮರದ ಕೆತ್ತನೆಯ ಕಂಬ, ಮರದ ಮುಚ್ಚಿಗೆ, ಹಂಚಿನ ಮಾಡು ಇವು ಈ ಭಾಗದ ಹಳೆಯ ಚಾವಡಿಯ ಸಾಮಾನ್ಯ ಲಕ್ಷಣಗಳು. ಇಲ್ಲಿಗೆ ಮೊದಲು ಬಂದ ವಿದ್ಯುತ್ತು ನಾಲ್ಕಾರು ಬಲ್ಬುಗಳಿಗಷ್ಟೇ ಸೀಮಿತವಾಗಿತ್ತು. ಮರದ ಪಟ್ಟಿಯ ಮೇಲೆ ಎಳೆದ ತಂತಿ ಮತ್ತು ಪಿಂಗಾಣಿಯ ಫ್ಯೂಸು ಅದಕ್ಕೆ ಸಾಕಾಗಿದ್ದವು. ಇಂದು ಅದೇ ತಂತಿಯ ಮೇಲೆ ಪಂಪು, ಇನ್ವರ್ಟರ್, ಶೀತಕಪೆಟ್ಟಿಗೆಗಳ ಹೊರೆ ಬಿದ್ದಿದೆ. ನೇಮದ ರಾತ್ರಿ ಧ್ವನಿವರ್ಧಕ, ದೀಪಾಲಂಕಾರಗಳೂ ಸೇರುತ್ತವೆ. ದೀಟಿಗೆಯ ಬೆಳಕನ್ನು ಮನುಷ್ಯರು ಕಾಯುತ್ತಾರೆ. ಮುಚ್ಚಿಗೆಯ ಮೇಲೆ ಬಿಸಿಯಾಗುವ ತಂತಿಯನ್ನು ಕಾಯುವವರಿಲ್ಲ. ಸರಾಸರಿ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ತೇವವೂ ತಂತಿಯ ಹೊದಿಕೆಯನ್ನು ಹಾಳುಗೆಡಹುತ್ತದೆ. ಬೇಸಗೆಯಲ್ಲಿ ಒಣಗಿದ ಮುರಮಣ್ಣಿನಲ್ಲಿ ಭೂಸಂಪರ್ಕ ಸಮರ್ಪಕವಾಗಿ ದೊರೆಯುವುದೂ ಕಷ್ಟ.

ಕಾನೂನಿನ ಹಿನ್ನೆಲೆಯನ್ನು ಇಲ್ಲಿ ಗಮನಿಸಬೇಕು. 1956ರ ಭಾರತೀಯ ವಿದ್ಯುತ್ ನಿಯಮಾವಳಿಯು ಲಿಖಿತ ಆದೇಶದ ಮೂಲಕ, ಷರತ್ತುಗಳಿಗೆ ಒಳಪಟ್ಟು ನಿಯಮಗಳನ್ನು ಸಡಿಲಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತ್ತು. 2003ರ ವಿದ್ಯುತ್ ಕಾಯ್ದೆಯ ಅನ್ವಯ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತಾ ವಿನಿಯಮಗಳನ್ನು ರೂಪಿಸಿತು. 2023ರಲ್ಲಿ ಹೊಸ ವಿನಿಯಮಗಳು ಅವುಗಳ ಸ್ಥಾನಕ್ಕೆ ಬಂದವು. ಸಡಿಲಿಕೆ ಎಂಬುದು ಬಾಯಿಮಾತಿನ ಒಪ್ಪಿಗೆಯಲ್ಲ. ಅದನ್ನು ನೀಡುವ ಅಧಿಕಾರ ಲೈನ್‌ಮನ್‌ಗಾಗಲಿ, ಮೆಸ್ಕಾಂನ ಶಾಖಾ ಕಚೇರಿಗಾಗಲಿ ಇರುವುದಿಲ್ಲ. ವಿಚಾರಣೆ ಆರಂಭವಾಗಬೇಕಾದುದು ವಿದ್ಯುತ್ ಪರಿವೀಕ್ಷಣಾಲಯದಿಂದ. ಗುತ್ತಿನ ಮನೆಗಳಲ್ಲಿ ಬಹುಪಾಲು ಕುಟುಂಬಗಳ ಒಡೆತನದಲ್ಲಿದ್ದು, ಘೋಷಿತ ಸ್ಮಾರಕಗಳಾಗಿಲ್ಲ. ಆದ್ದರಿಂದ ಅವುಗಳ ಪ್ರಾಚೀನತೆಯನ್ನು ಅಧಿಕಾರಿಗಳ ಮುಂದೆ ದಾಖಲೆಸಹಿತ ನಿರೂಪಿಸುವ ಹೊಣೆ ಮನೆತನದ ಮೇಲೆಯೇ ಬೀಳುತ್ತದೆ.

ನಿಯಮಗಳಲ್ಲಿ ಎರಡು ಬಗೆಯನ್ನು ಗುರುತಿಸಬಹುದು. ಮೊದಲನೆಯದು ಜೀವರಕ್ಷಣೆಗೆ ಸಂಬಂಧಿಸಿದುದು: ಭೂಸಂಪರ್ಕ, ಸೋರಿಕೆ ಪ್ರವಾಹವನ್ನು ಕಡಿಯುವ ಸಾಧನ, ಹೊರೆಗೆ ತಕ್ಕ ತಂತಿ, ಅಧಿಕ ಪ್ರವಾಹದಿಂದ ರಕ್ಷಣೆ. ಇವುಗಳಿಂದ ವಿನಾಯಿತಿ ಕೇಳುವುದು ಸರ್ವಥಾ ಸಲ್ಲದು. ಎರಡನೆಯದು ಸ್ಥಳ ಮತ್ತು ವಿಧಾನಕ್ಕೆ ಸಂಬಂಧಿಸಿದುದು: ಮೀಟರ್ ಹಲಗೆ ಎಲ್ಲಿರಬೇಕು, ಕೊಳವೆ ಯಾವ ದಾರಿಯಲ್ಲಿ ಸಾಗಬೇಕು, ಭೂಸಂಪರ್ಕದ ಗುಂಡಿಯನ್ನು ಎಲ್ಲಿ ತೋಡಬೇಕು ಇತ್ಯಾದಿ. ಕೆತ್ತನೆಯ ಕಂಬವನ್ನು ಕೊರೆಯದೆ, ದೈವದ ಕೊಡಿಯಡಿಯನ್ನು ಅಗೆಯದೆ ಅದೇ ಮಟ್ಟದ ರಕ್ಷಣೆಯನ್ನು ಬೇರೊಂದು ಮಾರ್ಗದಿಂದ ಒದಗಿಸಲು ಸಾಧ್ಯವಿದೆ. ಇವುಗಳಲ್ಲಿ ಅನೇಕ ಬದಲಾವಣೆಗಳು ನಿಯಮದ ಚೌಕಟ್ಟಿನೊಳಗೇ ಸಾಧ್ಯವಾಗುತ್ತವೆ. ನಿಜವಾಗಿ ಸಡಿಲಿಕೆ ಬೇಕಾಗುವುದು ವಿರಳ.

ಅರ್ಜಿಯಲ್ಲಿ ಯಾವ ನಿಯಮವನ್ನು ಪಾಲಿಸಲಾಗದು, ಪಾಲಿಸಿದರೆ ಕಟ್ಟಡದ ಯಾವ ಭಾಗ ನಷ್ಟವಾಗುತ್ತದೆ, ಬದಲಾಗಿ ಕೈಗೊಳ್ಳುವ ಕ್ರಮ ಯಾವುದು ಎಂಬ ಮೂರು ಅಂಶಗಳು ಸ್ಪಷ್ಟವಾಗಿರಬೇಕು. ಛಾಯಾಚಿತ್ರ, ನಕ್ಷೆ, ಪರವಾನಗಿ ಪಡೆದ ಗುತ್ತಿಗೆದಾರರ ವರದಿ, ಭೂಸಂಪರ್ಕದ ಅಳತೆ ಜೊತೆಗಿರತಕ್ಕದ್ದು. ಜಾನಪದ ಸಂಶೋಧಕರ ನೆರವು ಇಲ್ಲಿ ಉಪಯುಕ್ತ. ಭಂಡಾರದ ಕೋಣೆ ಯಾವುದು, ನೇಮದಂದು ಜನ ಎಲ್ಲಿ ಸೇರುತ್ತಾರೆ, ತೆಂಗಿನ ತಿರಿಯ ಅಣಿ ಎಲ್ಲಿ ಸಿದ್ಧವಾಗುತ್ತದೆ ಎಂಬ ಮಾಹಿತಿ ಕ್ಷೇತ್ರಕಾರ್ಯದಿಂದಲೇ ದೊರೆಯತಕ್ಕದ್ದು. ತಂತಿಯ ದಾರಿ ನಿರ್ಧಾರವಾಗಬೇಕಾದುದು ಈ ಮಾಹಿತಿಯ ಆಧಾರದ ಮೇಲೆ.

2018ರ ಸೆಪ್ಟೆಂಬರ್ 2ರಂದು ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸುಟ್ಟುಹೋಯಿತು. ಹಳೆಯ ಅರಮನೆಯಲ್ಲಿದ್ದ ಆ ಸಂಸ್ಥೆಯ ಬೆಂಕಿ ಸಭಾಂಗಣದ ಹವಾನಿಯಂತ್ರಕವೊಂದರಿಂದ ಹೊತ್ತಿತೆಂದು ತಜ್ಞರು 2019ರಲ್ಲಿ ವರದಿ ಮಾಡಿದರು. ಅಲ್ಲಿನ ಹವಾನಿಯಂತ್ರಕಗಳಿಗೆ ಪ್ರತ್ಯೇಕ ಬ್ರೇಕರ್ ಇರಲಿಲ್ಲ. ಮೂಲನಿವಾಸಿಗಳ ಭಾಷೆಗಳ ಧ್ವನಿಮುದ್ರಣಗಳೂ ಅಂದು ಬೂದಿಯಾದವು. ಹಳೆಯ ಕಟ್ಟಡಕ್ಕೆ ಬಂದ ಹೊಸ ಯಂತ್ರವೊಂದು ಮಾಡಬಹುದಾದ ನಷ್ಟಕ್ಕೆ ಇದು ನಿದರ್ಶನ. ನಮ್ಮ ಚಾವಡಿಗಳಲ್ಲಿರುವ ಮರದ ಉರುಗಳಿಗೂ ತಾಳೆಗರಿಗಳಿಗೂ ಪ್ರತಿಗಳಿಲ್ಲ. ಆದುದರಿಂದ ಸಡಿಲಿಕೆಯ ಅರ್ಜಿಯು ರಕ್ಷಣೆಯನ್ನು ಕಡಿಮೆ ಮಾಡುವ ಕೋರಿಕೆಯಾಗದೆ, ಅದೇ ರಕ್ಷಣೆಯನ್ನು ಕಟ್ಟಡಕ್ಕೆ ಹೊಂದಿಸಿಕೊಳ್ಳುವ ಕೋರಿಕೆಯಾಗತಕ್ಕದ್ದು.