ಉಣುಗೋಲು ಹಾಕಿ ಬಂದೆಯಾ?

ಕೊಪ್ಪ ತಾಲೂಕಿನ ನಮ್ಮ ಊರಿಗೆ ಮುಂಬಯಿಯಿಂದ ಯಾರೇ ಹೋಗಲಿ, ನಮ್ಮ ತಂದೆ ಜಗಲಿಯಲ್ಲಿ ಕೂತು ಮೊದಲು ಕೇಳುವುದು, "ಉಣುಗೋಲು ಹಾಕಿ ಬಂದೆಯಾ?" ಎಂದು. ಪ್ರಯಾಣದ ಸುಖದುಃಖವೆಲ್ಲ ಆಮೇಲೆ.

ನಮ್ಮ ಹುಡುಗ ಹುಡುಗಿಯರಲ್ಲಿ ಹಲವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ದಾರಿಯ ಎರಡೂ ಬದಿಗೆ ತೂತು ಕೊರೆದ ಗೂಟಗಳು, ಆ ತೂತುಗಳಲ್ಲಿ ಅಡ್ಡಕ್ಕೆ ತೂರಿಸಿದ ಬಿದಿರಿನ ಗಳಗಳು. ಗಳ ಸರಿಸಿದರೆ ಮನುಷ್ಯ ದಾಟಬಹುದು, ಮತ್ತೆ ತೂರಿಸಿಟ್ಟರೆ ದನ ದಾಟಲಾರದು. ಬೀಗವಿಲ್ಲ, ಕಾವಲುಗಾರನಿಲ್ಲ. ದಾಟಿದವನು ಮತ್ತೆ ಹಾಕುತ್ತಾನೆ ಎಂಬ ನಂಬಿಕೆಯ ಮೇಲೆಯೇ ಊರಿನ ಗದ್ದೆ ತೋಟಗಳೆಲ್ಲ ನಿಂತಿವೆ.

2023ರ ದೀಪಾವಳಿಗೆ ನನ್ನ ತಂಗಿಯ ಮಗ ಸೈಕಲ್ ತೆಗೆದುಕೊಂಡು ಊರಿಗೆ ಬಂದ. ಹತ್ತೊಂಬತ್ತರ ಹುಡುಗ, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಅರ್ಥವಾಗುತ್ತದೆ, ಮಾತಾಡು ಎಂದರೆ ನಗುತ್ತಾನೆ. ಸೈಕಲ್ಲು ನಾವು ಶಾಲೆಗೆ ತುಳಿದದ್ದಲ್ಲ. ಎರಡು ಅಂಗುಲಕ್ಕೂ ಮಿಕ್ಕಿದ ಅಗಲದ ಟಯರು, ಮುಂದಿನ ಫೋರ್ಕಿನಲ್ಲಿ ಅದುರು ನುಂಗುವ ವ್ಯವಸ್ಥೆ, ಡಿಸ್ಕ್ ಬ್ರೇಕು. ಅದನ್ನು ರೈಲಿನಲ್ಲಿ ಲಗೇಜು ಮಾಡಿಸಿ ಉಡುಪಿಯಲ್ಲಿ ಇಳಿಸಿಕೊಂಡು, ಸೋಮೇಶ್ವರದಿಂದ ಆಗುಂಬೆಯವರೆಗಿನ 14 ತಿರುವುಗಳನ್ನೂ ತುಳಿದೇ ಹತ್ತಿದ್ದ. ಮರುದಿನ ಬೆಳಿಗ್ಗೆ ಎದ್ದವನೇ, "ಮಾವಾ, ಇಲ್ಲಿ ಟ್ರೇಲ್ ಎಲ್ಲಿದೆ?" ಎಂದು ಕೇಳಿದ. ಅಂಗಳ ದಾಟಿದರೆ ಎಲ್ಲವೂ ಅದೇ ಎಂದುಬಿಟ್ಟೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ಅವನ ಪ್ರಶ್ನೆಯೇನೂ ಅಸಂಗತವಲ್ಲ. ಈ ಆಟ ಹುಟ್ಟಿದ ಊರುಗಳಲ್ಲಿ ಸೈಕಲ್ಲಿಗೆಂದೇ ಕಡಿದ ಕಾಡುದಾರಿಗಳಿವೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ ಕೆಲವು ತರುಣರು ಹಳೆಯ ಕಾಲದ ದಪ್ಪ ಟಯರಿನ ಸೈಕಲ್ಲುಗಳನ್ನು ಬೆಟ್ಟಕ್ಕೆ ಒಯ್ದು, ಕಾಡ್ಗಿಚ್ಚು ಆರಿಸಲು ಮಾಡಿದ್ದ ಮಣ್ಣುರಸ್ತೆಗಳಲ್ಲಿ ಕೆಳಗೆ ಬಿಡುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಮೊದಲ ಸ್ಪರ್ಧೆ ನಡೆದ ಇಳಿಜಾರು ಸುಮಾರು ಎರಡು ಮೈಲಿಯಲ್ಲಿ 1300 ಅಡಿ ಇಳಿಯುತ್ತದೆ. ಕೆಳಗೆ ಮುಟ್ಟುವಷ್ಟರಲ್ಲಿ ಹಿಂಚಕ್ರದ ಬ್ರೇಕಿನೊಳಗಿನ ಗ್ರೀಸು ಹೊಗೆಯಾಗಿ ಹೋಗಿರುತ್ತಿತ್ತು, ಪ್ರತಿ ಸಲವೂ ಬಿಚ್ಚಿ ಹೊಸದಾಗಿ ತುಂಬಬೇಕು. ಅದಕ್ಕೇ ಆ ದಾರಿಗೆ 'ರೀಪ್ಯಾಕ್' ಎಂದು ಹೆಸರಾಯಿತು. ಅಲ್ಲಿಂದ ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಅದು ಒಲಿಂಪಿಕ್ ಕ್ರೀಡೆಯಾಯಿತು.

ನಮ್ಮ ಸಹ್ಯಾದ್ರಿಯ ಕಥೆ ಬೇರೆ. ಲೋಣಾವಳದ ಬೆನ್ನಿಗೆ ನೀವು ನೋಡುವ ಬೆಟ್ಟಸಾಲೇ ತೆಂಕಣಕ್ಕೆ ಇಳಿದು ಕೊಪ್ಪ, ಶೃಂಗೇರಿ, ಕುದುರೆಮುಖವಾಗುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1930 ಮೀಟರ್ ಎತ್ತರದಲ್ಲಿ ಕರ್ನಾಟಕಕ್ಕೇ ಕಳಶ. ಇಲ್ಲಿ ದಾರಿಗಳಿಗೆ ಬರವಿಲ್ಲ. ಎತ್ತಿನಗಾಡಿಯ ದಾರಿ, ಕಾಫಿ ತೋಟದ ಜೀಪುದಾರಿ, ಶಾಲೆಯ ಮಕ್ಕಳು ನಡೆದು ಸವೆಸಿದ ಕಾಲುದಾರಿ, ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸಂಕ, ಸೊಪ್ಪು ತರಲು ಬೆಟ್ಟಕ್ಕೆ ಹತ್ತುವ ಜಾಡು. ಸೈಕಲ್ ಸವಾರನ ಕಣ್ಣಿಗೆ ಒಂದಕ್ಕಿಂತ ಒಂದು ಸೊಗಸು. ಆದರೆ ಆಟಕ್ಕೆಂದು ಮಾಡಿದ್ದು ಇವುಗಳಲ್ಲಿ ಒಂದೂ ಇಲ್ಲ. ಪ್ರತಿಯೊಂದೂ ಯಾರದೋ ಮನೆಯಿಂದ ಹೊರಟು ಯಾರದೋ ಕೆಲಸಕ್ಕೆ ಹೋಗುತ್ತದೆ.

ನಮ್ಮ ಹುಡುಗ ಗೋಪೂಜೆಯ ದಿನ ಬೆಳಿಗ್ಗೆ ಮೇಲಿನ ಬ್ಯಾಣದಿಂದ ಕೆಳಮನೆ ಗೌಡರ ಗದ್ದೆಯಂಚಿನವರೆಗೆ ಮೂರು ಸಲ ಇಳಿದ, ಮೂರು ಸಲ ಹತ್ತಿದ. ಪ್ರತಿ ಸಲ ಇಳಿದು ಗಳ ಸರಿಸುವುದೇಕೆಂದು ಉಣುಗೋಲನ್ನು ತೆಗೆದೇ ಇಟ್ಟಿದ್ದನಂತೆ. ಪೂಜೆ ಮುಗಿಸಿ ಬಿಟ್ಟ ದನಗಳು, ಕೊರಳಲ್ಲಿ ಚೆಂಡುಹೂವಿನ ಮಾಲೆ ಸಮೇತ, ತೆನೆ ತುಂಬಿದ್ದ ಗದ್ದೆಗೆ ಇಳಿದವು. ಗೌಡರು ಬಂದು ನೋಡಿದಾಗ ಮೇಲಿನ ಎರಡು ಅಂಕಣ ನೆಲಕ್ಕೆ ಮಲಗಿತ್ತು. "ಸಾರಿ ಅಂಕಲ್" ಎಂದ ಇವನು. ಗೌಡರು ಅವನನ್ನು ಬೈಯಲಿಲ್ಲ. "ಯಾರ ಮನೆ ಹುಡುಗನೋ ನೀನು?" ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಸುಮ್ಮನೆ ಹೊರಟುಹೋದರು. ನಮ್ಮ ತಂದೆ ಎರಡು ಮೂಟೆ ಭತ್ತ ಕಳಿಸಿದರು. ಸಂಜೆಯೊಳಗೆ ಮೂಟೆಗಳು ವಾಪಸು ಬಂದವು. ಐವತ್ತು ವರ್ಷದ ನೆರೆ. ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ಹಬ್ಬದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಅದೇನೇ ಇರಲಿ, ಉಣುಗೋಲಿನಷ್ಟು ಬೇಗ ಕಣ್ಣಿಗೆ ಬೀಳದ ಇನ್ನೊಂದು ಹಾನಿಯಿದೆ. ಮಲೆನಾಡಿನ ದಾರಿಗೆ ದೊಡ್ಡ ಶತ್ರು ನೀರು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ ಹರಿದುಹೋಗಲು ಒಂದು ಗೀರು ಸಿಕ್ಕರೆ ಸಾಕು, ಅದನ್ನೇ ಹಿಡಿದು ಕೊರೆಯುತ್ತದೆ. ಕಾಲಿನ ಹೆಜ್ಜೆ ಬಿಡಿಬಿಡಿ ಗುಂಡಿ ಮಾಡುತ್ತದೆ. ಚಕ್ರ ಬಿಡುವುದು ಕಡಿಯದ ಗೆರೆ. ಹಸಿ ಮಣ್ಣಿನ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಬಿಗಿಹಿಡಿದು ಜಾರಿಸಿದರಂತೂ ಅದು ನೀರಿಗೆ ನಾವೇ ತೋಡಿಕೊಟ್ಟ ಕಾಲುವೆ. ಹಾಗೆಂದು ಚಕ್ರವನ್ನೇ ಪಾಪಿ ಮಾಡಬೇಕಿಲ್ಲ. ಅಮೆರಿಕದ ಮೊಂಟಾನಾದ ಬೆಟ್ಟದಾರಿಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕುದುರೆಯ ಗೊರಸು ಮತ್ತು ಮನುಷ್ಯನ ಕಾಲು ಸೈಕಲ್ಲಿನ ಚಕ್ರಕ್ಕಿಂತ ಹೆಚ್ಚು ಮಣ್ಣು ಸಡಿಲಿಸಿದ್ದು ಕಂಡುಬಂತು. ಎಷ್ಟು ಕಡಿದಾದ ದಾರಿ, ಎಂಥ ಕಾಲದಲ್ಲಿ, ಹೇಗೆ ತುಳಿದೆವು ಎಂಬುದೇ ಮುಖ್ಯ.

ಇದನ್ನು ಬಲ್ಲವರು ಒಂದು ಲೆಕ್ಕ ಹಾಕಿದ್ದಾರೆ. 1988ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪರ್ವತ ಸೈಕಲ್ ಸಂಘದವರು ದಾರಿ ಕಡಿಯುವವರಿಗೆ ಹೇಳಿಕೊಡುವುದು ಹೀಗೆ: ಗುಡ್ಡದ ಪಕ್ಕೆ ಎಷ್ಟು ಓರೆಯಾಗಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ದಾರಿ ಏರಬಾರದು. ಒಟ್ಟಾರೆ ಏರು ನೂರಕ್ಕೆ ಹತ್ತರ ಸುಮಾರಿನಲ್ಲಿರಲಿ. ದಾರಿಯ ಹೊರ ಅಂಚು ಕಣಿವೆಯ ಕಡೆಗೆ ತುಸುವೇ ತಗ್ಗಲಿ, ನೀರು ಅಡ್ಡ ದಾಟಿ ಹೋಗಲಿ. ಅಲ್ಲಲ್ಲಿ ಒಂದು ಸಣ್ಣ ತಗ್ಗು, ಮತ್ತೆ ಉಬ್ಬು. ನೀರು ಆ ತಗ್ಗಿನಲ್ಲಿ ದಾರಿ ಬಿಟ್ಟು ಇಳಿಯಬೇಕು.

ಇದನ್ನು ನಮ್ಮ ತಂದೆಗೆ ವಿವರಿಸಿದಾಗ, "ಗಾಡಿದಾರಿ ಮಾಡಿದವರಿಗೆ ಇಷ್ಟೂ ಗೊತ್ತಿರಲಿಲ್ಲ ಅಂದುಕೊಂಡೆಯಾ?" ಎಂದರು. ನಿಜ. ತುಂಬಿದ ಗಾಡಿ ಎಳೆಯುವ ಎತ್ತು ನೆಟ್ಟಗೆ ಗುಡ್ಡ ಹತ್ತಲಾರದು. ಆದ್ದರಿಂದ ಹಳೆಯ ಗಾಡಿದಾರಿ ಗುಡ್ಡವನ್ನು ಬಳಸಿ ಬಳಸಿ ನಿಧಾನಕ್ಕೆ ಏರುತ್ತದೆ, ಮಳೆಗಾಲಕ್ಕೆ ಮುಂಚೆ ಅದಕ್ಕೆ ಅಡ್ಡಚರಂಡಿ ಬಿಡಿಸುತ್ತಾರೆ. ಕಾಫಿ ತೋಟದಲ್ಲಿ ಗಿಡಗಳ ನಡುವೆ ತೊಟ್ಟಿಲುಗುಂಡಿ ತೋಡಿ ಹರಿಯುವ ನೀರನ್ನು ಅಲ್ಲೇ ಇಂಗಿಸುತ್ತಾರೆ. ಸೈಕಲ್ಲಿಗೆ ಮಲೆನಾಡಿನಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣೆ. ಕಡಿದಾದ ಕಾಲುದಾರಿಯ ಮೋಹ ಬಿಟ್ಟು, ನವೆಂಬರಿನ ನಂತರ ಮಣ್ಣು ಒಣಗಿ ಗಟ್ಟಿಯಾದಾಗ, ಗಾಡಿದಾರಿಯನ್ನೂ ಜೀಪುದಾರಿಯನ್ನೂ ಕೇಳಿಕೊಂಡು ಹಿಡಿಯಿರಿ. ಟಯರಿಗೆ ಪೇಟೆಯಲ್ಲಿ ಹಾಕುವಷ್ಟು ಗಾಳಿ ಬೇಡ. ಸ್ವಲ್ಪ ಇಳಿಸಿದರೆ ಜಂಬಿಟ್ಟಿಗೆ ಕಲ್ಲಿನ ಮೇಲೂ ತರಗೆಲೆಯ ಮೇಲೂ ಹಿಡಿತ ಸಿಗುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು, ಒಂದೇ ಸಮನೆ ಹಿಡಿದರೆ ಡಿಸ್ಕು ಕಾಯುತ್ತದೆ.

ಕೇಳಿಕೊಂಡು ಎಂದೆ. ತೋಟದ ದಾರಿಗೆ ತೋಟದವರನ್ನು ಕೇಳಬೇಕು, ಕಾಡಿನ ದಾರಿಗೆ ಅರಣ್ಯ ಇಲಾಖೆಯನ್ನು. ಊರಿನವರು ಸೌದೆ ಸೊಪ್ಪಿಗೆ ಹೋಗುತ್ತಾರೆಂದು ನಮಗೂ ಹಕ್ಕಿದೆ ಎಂದು ತಿಳಿಯಬಾರದು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಕಾಯಿದೆ ಇನ್ನೂ ಬಿಗಿ. ಚಾರಣಕ್ಕೆಂದು ಕೊಟ್ಟ ಚೀಟಿ ಸೈಕಲ್ಲಿಗೆ ಕೊಟ್ಟದ್ದಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ಹತ್ತಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ಕೆಲಕಾಲ ನಿಲ್ಲಿಸಬೇಕಾಯಿತು. ಒಂದು ವಾರಾಂತ್ಯದ ಗದ್ದಲಕ್ಕೆ ಉಳಿದವರಿಗೂ ಬಾಗಿಲು ಮುಚ್ಚಿತು.

ಸೈಕಲ್ಲಿಗೆ ಇನ್ನೊಂದು ಗುಣವಿದೆ, ಸದ್ದಿಲ್ಲದೆ ಬೇಗ ಬರುವುದು. ಮುಂಬಯಿಯಲ್ಲಿ ಅದು ಗುಣ, ಕಾಡಂಚಿನಲ್ಲಿ ಅಪಾಯ. ತಿರುವಿನಾಚೆ ನಿಂತ ಕಾಟಿಗೆ ನೀವು ಬರುವುದು ತಿಳಿಯುವುದು ನೀವು ಅದರ ಮುಂದೆ ನಿಂತಾಗಲೇ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಆನೆಗಳ ಓಡಾಟವೂ ಇದೆ. ಗಂಟೆ ಬಾರಿಸುತ್ತಾ ಹೋಗಿ, ಮುಸ್ಸಂಜೆಗೆ ಮುಂಚೆ ಮನೆ ಸೇರಿ, ಇವತ್ತು ಆನೆ ಯಾವ ಕಡೆ ಇದೆ ಎಂದು ತೋಟದ ಆಳುಗಳನ್ನು ಕೇಳಿಕೊಳ್ಳಿ.

ಮಳೆಗಾಲದ ಇಂಬಳ ರಕ್ತ ಕುಡಿದು ಬಿದ್ದುಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಒಣಗಾಲದ ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರ ಕಡಿತದಿಂದ, ಅದೂ ಸೈಕಲ್ಲಿಗೆ ಚೆನ್ನಾಗಿರುವ ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿಯೇ ಹೆಚ್ಚು. ತುಂಬುತೋಳಿನ ಅಂಗಿ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ. ಆ ಭಾಗದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಸೈಕಲ್ಲನ್ನು ಕೊಟ್ಟಿಗೆಯಲ್ಲೇ ಬಿಡಿ. ಮುಂಬಯಿಗೆ ಮರಳಿದ ಮೇಲೆ ಜ್ವರ ಬಂದರೆ ವೈದ್ಯರಿಗೆ ಮಲೆನಾಡಿಗೆ ಹೋಗಿದ್ದೆ ಎಂದು ಹೇಳಲೇಬೇಕು. ಹೇಳದಿದ್ದರೆ ಅಲ್ಲಿನವರಿಗೆ ಆ ಕಾಯಿಲೆ ಹೊಳೆಯುವುದಿಲ್ಲ.

ನಮ್ಮ ಹುಡುಗನ ಕಥೆ ಅರ್ಧಕ್ಕೆ ನಿಂತಿತು. ಎರಡು ದಿನ ಸೈಕಲ್ ಮುಟ್ಟದೆ ಜಗಲಿಯಲ್ಲಿ ಕೂತಿದ್ದ. ಮೂರನೆಯ ದಿನ ಅಜ್ಜಿಯ ಹತ್ತಿರ ಹೋಗಿ ಏನೋ ಕೇಳಿದ. ಅಜ್ಜಿ ಎರಡು ಮೂರು ಸಲ ಹೇಳಿಕೊಟ್ಟರು. ಆಮೇಲೆ ನಡೆದೇ ಕೆಳಮನೆಗೆ ಹೋದ. ನಾನು ಬೇಲಿಯಾಚೆ ನಿಂತು ಕೇಳಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

"ತಪ್ಪಾಯ್ತು ಗೌಡ್ರೇ. ನಾನು ಏನು ಮಾಡ್ಬೇಕು ಹೇಳಿ."

ಗೌಡರು ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. "ಮಾಡೋದೇನು ಮಾರಾಯ, ದನಕ್ಕೂ ಹಬ್ಬ, ಅವೂ ಉಂಡವು. ಆ ಗಳ ಎರಡು ಗೆದ್ದಲು ಹಿಡಿದಿದೆ. ಬಾ, ಬಿದಿರು ಕಡಿಯೋಣ."

ಮಧ್ಯಾಹ್ನದವರೆಗೆ ಇಬ್ಬರೂ ಸೇರಿ ಹೊಸ ಉಣುಗೋಲು ಹಾಕಿದರು. ಇವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಸಂಜೆ ಗೌಡರೇ ನಮ್ಮ ಮನೆಗೆ ಬಂದು ಕಾಫಿ ಕುಡಿದರು, ತಂದೆಯ ಜೊತೆ ಅಡಿಕೆ ಧಾರಣೆ ಮಾತಾಡಿದರು. ಎದ್ದು ಹೊರಡುವಾಗ ಅಂಗಳದಲ್ಲಿದ್ದ ಸೈಕಲ್ಲಿನ ಟಯರನ್ನು ಒತ್ತಿ ನೋಡಿ, ನಮ್ಮ ಹುಡುಗನಿಗೆ ಹೇಳಿದರು: "ಕಾನಿನಂಚಿನ ಹಳೇ ಗಾಡಿದಾರಿ ಇದ್ಯಲ್ಲ, ಅದು ನಮ್ಮದೇ. ಮಳೆಗೆ ಅಡ್ಡಚರಂಡಿ ಎಲ್ಲ ಮುಚ್ಚಿಹೋಗಿದೆ. ನಾಳೆ ಬೆಳಿಗ್ಗೆ ಗುದ್ದಲಿ ತಗೊಂಡು ಬಾ. ಬಿಡಿಸಿದ ಮೇಲೆ ಎಷ್ಟು ಬೇಕಾದರೂ ಇಳಿ."