ಕಡಲಂಚಿನ ಕಾಡು ದಾಸವಾಳ: ಗುರುತು ಮತ್ತು ಹೆಸರು

ಅಂಗಳದ ಕೆಂಪು ದಾಸವಾಳವನ್ನು ಅರಿಯದವರಿಲ್ಲ. ಅದೇ ಬಳಗದ ಕಾಡು ಜಾತಿಯೊಂದು ಉಷ್ಣವಲಯದ ಕಡಲತೀರಗಳಲ್ಲಿ ಮರವಾಗಿಯೇ ಬೆಳೆಯುತ್ತದೆ. ಕರ್ನಾಟಕ ಕರಾವಳಿಯ ಅಳಿವೆಗಳಲ್ಲಿಯೂ ಕಾಂಡ್ಲಾ ಗಿಡಗಳ ಹಿಂಬದಿಗೆ, ಉಬ್ಬರದ ನೀರು ಆಗಾಗ ಮುಟ್ಟುವ ದಂಡೆಗಳಲ್ಲಿ ಇದು ಕಾಣಸಿಗುತ್ತದೆ. ಲಿನೇಯಸ್ 1753ರಲ್ಲಿ ಇದನ್ನು ಹೈಬಿಸ್ಕಸ್ ಟಿಲಿಯೇಸಿಯಸ್ ಎಂದು ಹೆಸರಿಸಿದನು. ಹೃದಯಾಕಾರದ ಎಲೆ ಯುರೋಪಿನ ಟಿಲಿಯ ಮರದ ಎಲೆಯನ್ನು ಹೋಲುವುದೇ ಇದಕ್ಕೆ ಕಾರಣ.

ಹೂವಿನ ಬಾಳು ಒಂದೇ ಹಗಲಿನದು. ಬೆಳಿಗ್ಗೆ ಅರಳಿದಾಗ ಎಸಳು ಹಳದಿ, ನಡುವೆ ಕಡುಗೆಂಪು ಮಚ್ಚೆ. ಹೊತ್ತೇರಿದಂತೆ ಆಂಥೋಸಯನಿನ್ ವರ್ಣದ್ರವ್ಯ ಹೆಚ್ಚಿ ಹೂವು ಕಿತ್ತಳೆ ಬಣ್ಣಕ್ಕೆ, ಸಂಜೆಗೆ ಕೆಂಪಿಗೆ ತಿರುಗಿ ಉದುರುತ್ತದೆ. ಆದ್ದರಿಂದ ಸಸ್ಯಸಂಗ್ರಹಾಲಯದ ಹಾಳೆಯ ಮೇಲೆ ಹೂವಿನ ಬಣ್ಣವನ್ನಷ್ಟೇ ಬರೆದರೆ ಸಾಲದು, ಸಂಗ್ರಹಿಸಿದ ವೇಳೆಯನ್ನೂ ನಮೂದಿಸಬೇಕು. ಇಲ್ಲವಾದರೆ ಒಂದೇ ಮರದ ಎರಡು ಹೂಗಳು ಎರಡು ಜಾತಿಗಳೆಂಬ ಭ್ರಮೆ ಹುಟ್ಟಿಸುತ್ತವೆ.

ಬಣ್ಣ ಇನ್ನೊಂದು ರೀತಿಯಲ್ಲಿಯೂ ದಾರಿ ತಪ್ಪಿಸುತ್ತದೆ. ಇದೇ ದಂಡೆಗಳಲ್ಲಿ ಬೆಳೆಯುವ ಹೂವರಸಿಯ ಹೂವೂ ಹಳದಿಯಾಗಿ ಅರಳಿ ಕೆಂಪಾಗುತ್ತದೆ, ಅದರ ಎಲೆಯೂ ಹೃದಯಾಕಾರವೇ. ಇವೆರಡನ್ನು ಬೇರ್ಪಡಿಸಲು ಎಲೆಯನ್ನು ಮಗುಚಿ ನೋಡಬೇಕು: ಕಾಡು ದಾಸವಾಳದ ಎಲೆಯ ತಳಭಾಗ ನವುರಾದ ರೋಮಗಳಿಂದ ಬೂದುಬಿಳುಪಾಗಿದ್ದು, ಬುಡದ ನರಗಳ ಮೇಲೆ ಮಕರಂದ ಗ್ರಂಥಿಗಳಿರುತ್ತವೆ. ಶಲಾಕೆಯ ತುದಿ ಐದಾಗಿ ಕವಲೊಡೆಯುತ್ತದೆ, ಹೂವರಸಿಯಲ್ಲಿ ಕವಲಿಲ್ಲ. ಬಲಿತ ಕಾಯಿ ಐದು ಹೋಳಾಗಿ ಬಿರಿಯುತ್ತದೆ. ಬೀಜಗಳು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಿಯೂ ಮೊಳೆಯಬಲ್ಲವು. ಈ ಜಾತಿ ಸಾಗರಗಳಾಚೆಗೂ ಹರಡಿದುದಕ್ಕೆ ಇದೊಂದು ಸಮರ್ಥ ವಿವರಣೆ. ತೊಗಟೆಯ ನಾರು ಹಗ್ಗಕ್ಕೆ ಒದಗುತ್ತದೆ. ಇದನ್ನು 'ಹೌ' ಎಂದು ಕರೆಯುವ ಹವಾಯಿಯವರು ಹಗುರವಾದ ಇದರ ಮರವನ್ನು ದೋಣಿಗಳ ಪಕ್ಕದ ಆಸರೆಗೂ ಬಳಸಿದರು.

ಹೆಸರಿನ ಸಂಗತಿ ಇಷ್ಟು ಸರಳವಲ್ಲ. 2001ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಪಾಲ್ ಫ್ರೈಕ್ಸೆಲ್ ಇದನ್ನೂ ಇದರ ಸಮೀಪದ ಜಾತಿಗಳನ್ನೂ ತಾಲಿಪರಿಟಿ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದರು. ಎಲೆತೊಟ್ಟಿನ ಬುಡದ ಅಗಲವಾದ ಪೊರೆಗಳು ಉದುರಿ ಕಾಂಡದ ಸುತ್ತ ಉಳಿಸುವ ಉಂಗುರದ ಗುರುತು ಈ ಕುಲದ ಎದ್ದುಕಾಣುವ ಲಕ್ಷಣ. ಕುಲನಾಮವು ಮಲಯಾಳ ಮೂಲದ್ದು. ಅದರೊಳಗಿನ 'ಪರುತ್ತಿ' ಎಂದರೆ ಹತ್ತಿ, ಕನ್ನಡದ ಪರ್ತಿ, ಪತ್ತಿ, ಹತ್ತಿ ರೂಪಗಳ ಜ್ಞಾತಿಪದ. ಹತ್ತಿಯೂ ದಾಸವಾಳದ ಕುಟುಂಬಕ್ಕೇ ಸೇರಿದೆಯಾಗಿ ಈ ಹೆಸರು ಆಕಸ್ಮಿಕವೆನ್ನಲಾಗದು. ಹಳೆಯ ಮತ್ತು ಹೊಸ ಹೆಸರುಗಳೆರಡೂ ಬರವಣಿಗೆಯಲ್ಲಿ ಬಳಕೆಯಾಗಿವೆ. ಹೊಸ ಕುಲನಾಮದಡಿ ಮಾತ್ರ ಹುಡುಕುವ ಸಂಶೋಧಕನಿಗೆ 1753ರಿಂದ 2001ರವರೆಗಿನ ಬರಹಗಳು ಕೈತಪ್ಪುತ್ತವೆ. ಸಸ್ಯಸಂಗ್ರಹಾಲಯಗಳ ಹಾಗೂ ಗ್ರಂಥಾಲಯಗಳ ಸೂಚಿಗಳಲ್ಲಿ ಎರಡಕ್ಕೂ ಪರಸ್ಪರ ನಿರ್ದೇಶನ ಇರತಕ್ಕದ್ದು.