ಬಂಗಾರಪೇಟೆ ಪಾನಿಪುರಿ ಕಲಿಸಿದ ಇಂಗ್ಲಿಷ್

ಬೆಂಗಳೂರಿನ ಒಂದು ಕಂಪನಿಯಲ್ಲಿ ಅದು ನನ್ನ ಮೊದಲ ಇಂಟರ್‌ವ್ಯೂ. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿದವಳು ದಾರಿಯುದ್ದಕ್ಕೂ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಕಾಲೇಜಿನಲ್ಲಿ ಎದುರಿಸಿದ ಒಂದು ಕಷ್ಟದ ಸಂದರ್ಭ ಹೇಳಿ ಎಂದರು. ಪರೀಕ್ಷೆಯ ಹಿಂದಿನ ದಿನ ಟೈಮ್‌ಟೇಬಲ್ ಬದಲಾದ ಕಥೆ ಶುರು ಮಾಡಿದೆ. ಬರೀ ‘ಸರ್‌ಪ್ರೈಸ್ಡ್’ ಅಂದರೆ ಸಪ್ಪೆಯಾಗುತ್ತದೆ, ಸ್ವಲ್ಪ ತೂಕದ ಇಂಗ್ಲಿಷ್ ಇರಲಿ ಅಂತ ‘ಐ ವಾಸ್ ಟೇಕನ್ ಬ್ಯಾಕ್’ ಎಂದುಬಿಟ್ಟೆ.

ಎದುರಿಗಿದ್ದವರು ನಗುತ್ತಾ ‘ಟೇಕನ್ ಬ್ಯಾಕ್ ಟು ವೇರ್?’ ಎಂದರು.

ಎಲ್ಲಿಗೆ ಅಂತ ಹೇಳಲಿ? ಏನು ತಪ್ಪಾಯಿತು ಎಂದೇ ತಿಳಿಯಲಿಲ್ಲ. ಮುಂದಿನ ಪ್ರಶ್ನೆಗಳಿಗೆ ಬಾಯಿಯೇ ಬರಲಿಲ್ಲ. ಸಂಜೆಯ ರೈಲು ನನ್ನನ್ನು ಬಂಗಾರಪೇಟೆಗೆ ವಾಪಸ್ ತಂದುಬಿಟ್ಟಿತು. ‘ಟೇಕನ್ ಬ್ಯಾಕ್’ ಎಂದರೆ ನಿಜಕ್ಕೂ ಅಷ್ಟೇ!

ಅದೇ ರೈಲಿನಲ್ಲಿ ನನ್ನ ಗೆಳತಿಯೂ ಇದ್ದಳು. ಅವಳದು ಕೆಜಿಎಫ್‌ನ ಊರಿಗಾಂ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಬೇಕೆಂದಾಗ ಸಲೀಸಾಗಿ ಇಂಗ್ಲಿಷ್. ನನ್ನ ಕಥೆ ಕೇಳಿ ಮೊದಲು ಅವಳೂ ನಕ್ಕಳು. ಆಮೇಲೆ, ‘ಅದು ಬ್ಯಾಕ್ ಅಲ್ಲ ಕಣೇ, ಅಬ್ಯಾಕ್. ಟೇಕನ್ ಅಬ್ಯಾಕ್. ಒಂದು ‘ಅ’ ನುಂಗಿಬಿಟ್ಟೆ’ ಎಂದಳು.

ಮನೆಗೆ ಬಂದು ಡಿಕ್ಷನರಿ ತೆಗೆದೆ. ಹಾಯಿಹಡಗುಗಳ ಕಾಲದ ಮಾತಂತೆ ಇದು. ಗಾಳಿ ಇದ್ದಕ್ಕಿದ್ದಂತೆ ಎದುರಿನಿಂದ ಬೀಸಿದರೆ ಹಾಯಿಗಳು ಹಿಂದಕ್ಕೆ ಒತ್ತಿ ಕಂಬಕ್ಕೆ ಅಂಟಿಕೊಳ್ಳುತ್ತಿದ್ದವು. ಓಡುತ್ತಿದ್ದ ಹಡಗು ಗಕ್ಕನೆ ತಡೆದು ನಿಲ್ಲುತ್ತಿತ್ತು. ಮನುಷ್ಯ ಹಾಗೆ ಒಂದು ಕ್ಷಣ ತಡೆದು ನಿಂತರೆ ‘ಟೇಕನ್ ಅಬ್ಯಾಕ್’. ಬರೀ ಆಶ್ಚರ್ಯವಲ್ಲ, ಏನು ಹೇಳಬೇಕೋ ತೋಚದಂಥ ಆಶ್ಚರ್ಯ. ಇವತ್ತಿನ ಇಂಗ್ಲಿಷ್‌ನಲ್ಲಿ ಈ ‘ಅಬ್ಯಾಕ್’ ಹೆಚ್ಚುಕಡಿಮೆ ಈ ಒಂದೇ ಪ್ರಯೋಗದಲ್ಲಿ ಉಳಿದುಕೊಂಡಿದೆ.

ಅರ್ಥ ತಿಳಿಯಿತು. ಆದರೆ ಸಮುದ್ರವೂ ಇಲ್ಲದ, ಹಡಗೂ ಇಲ್ಲದ ಕೋಲಾರ ಜಿಲ್ಲೆಯವಳಿಗೆ ಅದು ನೆನಪಿನಲ್ಲಿ ಉಳಿಯುವುದು ಹೇಗೆ? ಆಗ ಹೊಳೆದದ್ದು ನಮ್ಮದೇ ಪದ: ಅವಾಕ್ಕಾದೆ. ವಾಕ್ ಅಂದರೆ ಮಾತು, ಅವಾಕ್ ಅಂದರೆ ಮಾತಿಲ್ಲದ ಸ್ಥಿತಿ. ಅವಾಕ್, ಅಬ್ಯಾಕ್. ಎರಡಕ್ಕೂ ಮೂಲದಲ್ಲಿ ಯಾವ ನಂಟೂ ಇಲ್ಲ. ಒಂದು ಸಂಸ್ಕೃತದಿಂದ ಬಂದದ್ದು, ಇನ್ನೊಂದು ಹಡಗಿನಿಂದ ಇಳಿದದ್ದು. ಆದರೆ ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಅಂದಿನಿಂದ ಆ ‘ಅ’ ನನ್ನ ಬಾಯಿಂದ ಜಾರಿಲ್ಲ.

ಮಾರನೆಯ ದಿನ ಗೆಳತಿ ಒಂದು ಷರತ್ತು ಹಾಕಿದಳು. ಪುಸ್ತಕದ ವಾಕ್ಯ ಬೇಡ, ನಮ್ಮೂರಿನ ವಾಕ್ಯ ಮಾಡಬೇಕು. ಸಂಜೆ ಪಾನಿಪುರಿ ಗಾಡಿಯ ಮುಂದೆ ನಿಂತಾಗ ಮೊದಲ ವಾಕ್ಯ ಸಿಕ್ಕಿತು. ಬಂಗಾರಪೇಟೆ ಪಾನಿ ಗೊತ್ತಲ್ಲ? ಹಸಿರೂ ಇಲ್ಲ, ಕಂದೂ ಇಲ್ಲ, ನೋಡಲು ಕುಡಿಯುವ ನೀರಿನಷ್ಟೇ ತಿಳಿ. ಪಕ್ಕದಲ್ಲಿ ನಿಂತಿದ್ದ ಹೊರಗಿನವರೊಬ್ಬರು ಬರೀ ನೀರೇ ಎಂದುಕೊಂಡು ಬಾಯಿಗೆ ಹಾಕಿಕೊಂಡರು. ಖಾರ ನೆತ್ತಿಗೇರಿ, ಕೈ ಅರ್ಧಕ್ಕೇ ನಿಂತು, ಕಣ್ಣು ಅಗಲವಾದವು. ಗೆಳತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: ‘ದ ಪಾನಿ ಟುಕ್ ಹಿಮ್ ಅಬ್ಯಾಕ್.’

ಅಲ್ಲೇ ವ್ಯಾಕರಣವೂ ಮುಗಿಯಿತು. ಬೆಚ್ಚಿಸಿದ ವಸ್ತು ಮೊದಲು ಬಂದರೆ ‘ಟುಕ್’, ಬೆಚ್ಚಿದವರು ಮೊದಲು ಬಂದರೆ ‘ವಾಸ್ ಟೇಕನ್’: ‘ಹಿ ವಾಸ್ ಟೇಕನ್ ಅಬ್ಯಾಕ್ ಬೈ ದ ಪಾನಿ.’ ‘ಹಿಮ್’, ‘ಮಿ’ ಎಂಬ ಪದಗಳು ನಡುವೆಯೇ ಬರಬೇಕು. ‘ಟುಕ್ ಅಬ್ಯಾಕ್ ಮಿ’ ಅನ್ನುವ ಹಾಗಿಲ್ಲ.

ಎರಡನೆಯ ವಾಕ್ಯ ಕೊಟ್ಟದ್ದು ಅಮ್ಮನ ಅಪ್ಪ, ನಮ್ಮ ತಾತ. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 3 ಕಿಲೋಮೀಟರ್‌ಗೂ ಹೆಚ್ಚು ಆಳದ ಗಣಿ ಅದು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಎಷ್ಟಿರುತ್ತದೆಂದರೆ, ಅದು ಕೆಲವೊಮ್ಮೆ ಹಠಾತ್ತಾಗಿ ಸಿಡಿಯುತ್ತದೆ. ರಾಕ್‌ಬರ್ಸ್ಟ್ ಎನ್ನುತ್ತಾರೆ. ಮೇಲೆ ಮನೆಗಳೂ ಅದುರುತ್ತಿದ್ದವು. ಹೊಸದಾಗಿ ಮದುವೆಯಾಗಿ ಬಂದ ಅಜ್ಜಿ, ಗೂಡಿನಲ್ಲಿದ್ದ ಪಾತ್ರೆಗಳು ಗಲಗಲ ಅಂದಾಗ ಬೀದಿಗೆ ಓಡಿಬಂದರಂತೆ. ಅಕ್ಕಪಕ್ಕದವರು ಸದ್ದಿಗೆ ಹೆದರಿರಲಿಲ್ಲ. ಆದರೆ ಎಲ್ಲರೂ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರಂತೆ. ಒಳಗೆ ಈಗ ಯಾರ ಮನೆಯವರ ಶಿಫ್ಟ್? ಅಜ್ಜಿ ಅವಾಕ್ಕಾದದ್ದು ಪಾತ್ರೆಯ ಸದ್ದಿಗಲ್ಲ, ಆ ಮೌನಕ್ಕೆ.

‘ಅದೇನಮ್ಮ ದಿನಾ ಅಬ್ಯಾಕ್ ಅಬ್ಯಾಕ್ ಅಂತಿದ್ದೀಯ?’ ಎಂದು ತಾತ ಒಂದು ದಿನ ಕೇಳಿದರು. ಅರ್ಥ ಹೇಳಿದೆ. ಬ್ರಿಟಿಷರ ಜಾನ್ ಟೇಲರ್ ಕಂಪನಿ ಬೆಳೆಸಿದ ಊರು ನಮ್ಮ ಕೆಜಿಎಫ್. ‘ಲಿಟಲ್ ಇಂಗ್ಲೆಂಡ್’ ಎಂದೇ ಹೆಸರಾಗಿತ್ತು. ಶಾಲೆಯಲ್ಲಿ ಹೆಚ್ಚು ಓದದ ತಾತನ ಬಾಯಲ್ಲೂ ಶಾಫ್ಟ್, ಕೇಜ್, ಶಿಫ್ಟ್ ಅನ್ನುವುದೆಲ್ಲ ಮನೆಮಾತೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಗಣಿ ಮುಚ್ಚುತ್ತಾರೆ, ಮುಚ್ಚುತ್ತಾರೆ ಅಂತ ವರ್ಷಗಟ್ಟಲೆ ಕೇಳ್ತಾನೇ ಇದ್ವಿ. ಆದ್ರೂ ಮುಚ್ಚಿದ ದಿನ ಯಾರಿಗೂ ಮಾತೇ ಹೊರಡಲಿಲ್ಲ. ಇದಕ್ಕೂ ಅದೇ ಪದಾನಾ?’

ಅದು 2001ರ ಫೆಬ್ರವರಿ 28. ನೂರು ವರ್ಷಕ್ಕೂ ಮೀರಿ ನಡೆದ ಗಣಿಗಾರಿಕೆ ನಿಂತ ದಿನ. ತಾತನ ಕೈಯಲ್ಲಿ ಬೇರೆ ಕಸುಬು ಇರಲಿಲ್ಲ. ನಾನು ಆ ಮಾತನ್ನು ಇಂಗ್ಲಿಷ್‌ನಲ್ಲಿ ಬರೆದುಕೊಂಡೆ: ‘ವಿ ನ್ಯೂ ಇಟ್ ವಾಸ್ ಕಮಿಂಗ್, ಬಟ್ ವಿ ವರ್ ಸ್ಟಿಲ್ ಟೇಕನ್ ಅಬ್ಯಾಕ್.’ ಗೊತ್ತಿದ್ದೂ ಆಗುವ ಆಘಾತಕ್ಕೂ ಈ ಪದ ಒಪ್ಪುತ್ತದೆ ಎಂದು ಯಾವ ಪುಸ್ತಕವೂ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮುಂದಿನ ಇಂಟರ್‌ವ್ಯೂ ಬೇರೊಂದು ಕಡೆ. ನಿಮ್ಮ ಊರಿನ ಬಗ್ಗೆ ಹೇಳಿ ಎಂದರು. ಬಾಯಿಪಾಠದ ಉತ್ತರ ಬದಿಗಿಟ್ಟು ತಾತನ ಮಾತನ್ನೇ ಹೇಳಿದೆ. ಕೇಳುತ್ತಿದ್ದವರು ಪೆನ್ನು ಕೆಳಗಿಟ್ಟರು. ಆಮೇಲೆ ಗಣಿಯ ಬಗ್ಗೆ ಒಂದರ ಹಿಂದೆ ಒಂದು ಪ್ರಶ್ನೆ. ಎಲ್ಲದಕ್ಕೂ ಉತ್ತರಿಸಿದೆ. ನಡುವೆ ವ್ಯಾಕರಣ ಎರಡು ಕಡೆ ಎಡವಿತು, ನಾನು ನಿಲ್ಲಲಿಲ್ಲ.

ಆ ಕೆಲಸ ನನಗೆ ಸಿಗಲಿಲ್ಲ. ಅವರಿಗೆ ಬೇಕಿದ್ದ ಅಕೌಂಟ್ಸ್ ಸಾಫ್ಟ್‌ವೇರ್ ನನಗೆ ಬರುತ್ತಿರಲಿಲ್ಲ. ಈಗ ಅದನ್ನು ಕಲಿಯುತ್ತಿದ್ದೇನೆ. ‘ನಿಮ್ಮ ಇಂಗ್ಲಿಷ್ ಚೆನ್ನಾಗಿದೆ’ ಎಂದು ಹೊರಡುವಾಗ ಒಬ್ಬರು ಹೇಳಿದರು. ಈ ಸಲ ನಿಜಕ್ಕೂ ಅಬ್ಯಾಕ್ ಆದವಳು ನಾನು.

ಗೆಳೆಯರೇ, ಸ್ಪೋಕನ್ ಇಂಗ್ಲಿಷ್ ಪುಸ್ತಕದಲ್ಲಿ ನೂರು ನುಡಿಗಟ್ಟು ಇರಬಹುದು. ಅವುಗಳ ಜಾನ್, ಮೇರಿ ನಮಗೆ ನೆನಪಿರುವುದಿಲ್ಲ. ದಿನಕ್ಕೊಂದೇ ಸಾಕು, ಅದಕ್ಕೆ ನಿಮ್ಮ ಮನೆಯ, ನಿಮ್ಮ ಬೀದಿಯ ಒಂದು ವಾಕ್ಯ ಕಟ್ಟಿ ನೋಡಿ. ನಾನು ಮತ್ತು ಗೆಳತಿ ಈಗಲೂ ರೈಲಿನಲ್ಲಿ ಅದನ್ನೇ ಮಾಡುತ್ತೇವೆ. ತಪ್ಪು ಹೇಳಿದವರು ಇಳಿದ ಮೇಲೆ ಪಾನಿಪುರಿ ಕೊಡಿಸಬೇಕು. ಇಲ್ಲಿಯವರೆಗೆ ಹೆಚ್ಚು ಸಲ ಕೊಡಿಸಿದವಳು ನಾನೇ.